ಐದನೇ ಸಾಲಿನ ಗೆರೆ

ನನ್ನ ಅತ್ತೆ ಕಲ್ಲು ತಟ್ಟಿ ಸಂಸಾರ ಮಾಡಿದವರು. ಮ್ಯೂಸಿಯಂನಲ್ಲಿರುವ ಹಳೆಯ ಬರಹದ ಕಲ್ಲುಗಳ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಚ್ಚು ತೆಗೆಯುವುದು ಅವರ ಕೆಲಸ. ಕಾಗದ ಒಣಗಿದ ಮೇಲೆ ಎತ್ತಿದರೆ ಕಲ್ಲಿನಲ್ಲಿ ಕೊರೆದ ಒಂದೊಂದು ಅಕ್ಷರವೂ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ. ಕಲ್ಲು ಎಲ್ಲೇ ಇರಲಿ, ಓದುವವರು ತಮ್ಮ ಮೇಜಿನ ಮೇಲೆ ಅಚ್ಚನ್ನು ಇಟ್ಟುಕೊಂಡು ಓದಬಹುದು. ಮೂವತ್ತಾರು ವರ್ಷ ಇದನ್ನೇ ಮಾಡಿದರು. ಅವರ ಬಲತೋಳು ಎಡತೋಳಿಗಿಂತ ದಪ್ಪ. ರವಿಕೆ ಹೊಲಿಯುವ ದರ್ಜಿ ಎರಡು ತೋಳಿಗೂ ಬೇರೆ ಬೇರೆ ಅಳತೆ ಬರೆದುಕೊಳ್ಳುತ್ತಿದ್ದ. ಮ್ಯೂಸಿಯಂನವರ ಬಾಯಲ್ಲಿ ಅವರು ಬ್ರಷ್ಷಮ್ಮ. ನಿವೃತ್ತಿಯಾಗಿ ಹನ್ನೆರಡು ವರ್ಷ ಕಳೆದರೂ ಅದೇ ಹೆಸರು ನಿಂತಿದೆ.

ಮದುವೆಯಾಗಿ ಹೋದ ಹೊಸತರಲ್ಲಿ ನನಗೂ ಅವರಿಗೂ ಅಷ್ಟಕ್ಕಷ್ಟೆ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವರಿಗೆ ಹಟ ಮೈತುಂಬ. ಒಮ್ಮೆ ಹರಿದ ಹಾಸಿಗೆ ಹೊದಿಕೆಗೆ ತೇಪೆ ಹಾಕಿ, ತೇಪೆ ಒಳಗೆ ಹೋಗುವಂತೆ ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದೆ. ಅವರು ಅದನ್ನು ಬಿಚ್ಚಿ, ತೇಪೆ ಮೇಲೆ ಕಾಣುವಂತೆ ಮತ್ತೆ ಮಡಿಸಿದರು.

“ಯಾಕತ್ತೆ, ನೆಂಟರು ನೋಡಿದ್ರೆ ನಮ್ಮ ಮರ್ಯಾದೆ ಏನಾಗಬೇಕು?” ಎಂದೆ.

“ತೇಪೆ ಹಾಕೋದು ತಪ್ಪಲ್ಲ. ಮುಚ್ಚಿಡೋದು ತಪ್ಪು,” ಎಂದರು. ಅದೇನು ಹೊದಿಕೆಯೋ ಕೋರ್ಟು ಕಚೇರಿಯೋ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿದೆ.

ಈ ಮಾತು ಅವರ ಕಸುಬಿನಿಂದ ಬಂದದ್ದು ಎಂದು ಆಮೇಲೆ ತಿಳಿಯಿತು. ಒದ್ದೆ ಕಾಗದವನ್ನು ಬ್ರಷ್ಷಿನಿಂದ ತಟ್ಟುವಾಗ ಒಮ್ಮೊಮ್ಮೆ ಅದು ಸೀಳುತ್ತದೆ. ಆಗ ಹಿಂದುಗಡೆಯಿಂದ ಇನ್ನೊಂದು ಒದ್ದೆ ತುಂಡನ್ನು ಇಟ್ಟು ತಟ್ಟಿದರೆ ಎರಡೂ ಬೆರೆತು ಒಂದಾಗುತ್ತವೆ. ಒಣಗಿದ ಮೇಲೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಪ್ರತಿ ಅಚ್ಚಿನ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ವಿಷಯ ಬರೆಯುವ ಪದ್ಧತಿ: ಕಲ್ಲಿನ ನಂಬರು, ತಾರೀಖು, ತೆಗೆದವರ ಹೆಸರು, ತೇಪೆ ಇದ್ದರೆ ಎಲ್ಲಿ ಎಷ್ಟು. ಹೊಸದಾಗಿ ಸೇರಿದವರು ತೇಪೆ ಬರೆಯಲು ಮರೆತರೆ ಅತ್ತೆ ಆ ಅಚ್ಚನ್ನೇ ಮುಟ್ಟುತ್ತಿರಲಿಲ್ಲ. ಅವರ ಕೈಕೆಳಗೆ ಕಲಿತು ದೊಡ್ಡ ಹುದ್ದೆಗೆ ಹೋದ ಹೆಂಗಸೊಬ್ಬರು, “ನಿಮ್ಮತ್ತೆ ನನ್ನನ್ನು ಮೂರು ಸಲ ಅಳಿಸಿದ್ದಾರೆ, ಮೂರು ಸಲಾನೂ ತೇಪೆಗೇ,” ಎಂದು ನನ್ನೆದುರೇ ನಕ್ಕಿದ್ದರು.

ನಾನು ಮ್ಯೂಸಿಯಂನ ಪಕ್ಕದ ಕಟ್ಟಡದಲ್ಲಿ, ಭಾಷೆಗಳ ವಿಭಾಗದಲ್ಲಿ ಟೈಪಿಸ್ಟ್. ಅಲ್ಲಿನ ಪ್ರೊಫೆಸರು ಹನ್ನೊಂದು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದರು. ಒಂದೇ ಒಂದು ಕ್ರಿಯಾಪದದ ಮೇಲೆ ನಾನೂರು ಪುಟ. ಮೊದಲು ನಾನೂ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕವಳೇ. ಟೈಪ್ ಮಾಡುತ್ತಾ ಮಾಡುತ್ತಾ ಅದರ ಹುಚ್ಚು ನನಗೂ ಹತ್ತಿತು.

ಆ ಪದ ‘ಫೆರೋ’. ಹೊರುತ್ತೇನೆ, ಒಯ್ಯುತ್ತೇನೆ ಎಂದು ಅರ್ಥ. ಲ್ಯಾಟಿನ್ ಮತ್ತು ಅದರ ಅಕ್ಕತಂಗಿ ಭಾಷೆಗಳು ಇನ್ನೂ ಒಂದೇ ಮನೆಯಲ್ಲಿದ್ದ ಕಾಲದ ಪದ. ಆ ತಾಯಿಭಾಷೆಯನ್ನು ಪಂಡಿತರು ಆದಿ ಇಟಾಲಿಕ್ ಎನ್ನುತ್ತಾರೆ. ಅದರ ಒಂದು ಅಕ್ಷರವನ್ನೂ ಯಾರೂ ಬರೆದಿಟ್ಟಿಲ್ಲ. ಮೊಮ್ಮಕ್ಕಳ ಮುಖಗಳನ್ನು ಸಾಲಾಗಿ ನಿಲ್ಲಿಸಿ, ನೋಡದ ಅಜ್ಜಿಯ ಮೂಗು ಹೇಗಿತ್ತು ಎಂದು ಹೇಳುವ ಹಾಗೆ, ಮಗಳು ಭಾಷೆಗಳನ್ನು ಹೋಲಿಸಿ ಆ ಪದವನ್ನು ಕಟ್ಟಿದ್ದಾರೆ. ಹಾಗೆ ಕಟ್ಟಿದ ಪದದ ಮುಂದೆ ಒಂದು ಸಣ್ಣ ನಕ್ಷತ್ರ ಹಾಕುತ್ತಾರೆ. ನಕ್ಷತ್ರವಿದ್ದರೆ ಇದನ್ನು ಕಣ್ಣಾರೆ ಕಂಡವರಿಲ್ಲ, ಲೆಕ್ಕಹಾಕಿ ಹೇಳಿದ್ದು ಎಂದರ್ಥ. ಅದಕ್ಕೂ ಹಿಂದಿನ ಮೂಲದಲ್ಲಿ ಮೊದಲ ಅಕ್ಷರ ‘ಭ’ಕಾರವಂತೆ, ಇಟಲಿಯ ಕಡೆ ಹೋದಾಗ ಅದು ‘ಫ’ ಆಯಿತು, ಸಂಸ್ಕೃತದ ಕಡೆ ಬಂದಾಗ ‘ಭ’ವಾಗಿಯೇ ಉಳಿಯಿತು. ನಮ್ಮ ‘ಭಾರ’, ನಾವು ‘ನಷ್ಟ ಭರಿಸುತ್ತೇನೆ’ ಎನ್ನುವಾಗಿನ ‘ಭರಿಸು’, ಎಲ್ಲ ಆ ಬಳಗವೇ.

ಇದನ್ನೆಲ್ಲ ಸಂಜೆ ಮನೆಗೆ ಬಂದು ಅತ್ತೆಗೆ ಹೇಳುತ್ತಿದ್ದೆ. ನಮ್ಮಿಬ್ಬರ ಜಗಳ ನಿಂತದ್ದೇ ಈ ಕ್ರಿಯಾಪದದಿಂದ. ಲ್ಯಾಟಿನ್‌ನಲ್ಲಿ ‘ಹೊರುತ್ತೇನೆ’ಗೆ ‘ಫೆರೋ’, ‘ಹೊತ್ತೆ’ ಎನ್ನಲು ‘ತುಲೀ’, ಎರಡಕ್ಕೂ ಧಾತು ಬೇರೆ ಬೇರೆ. ತಕ್ಕಡಿಗೆ ‘ತುಲೆ’ ಅಂತೀವಲ್ಲ, ಆ ಎರಡನೆಯದರ ನೆಂಟ ಅದು ಎಂದೆ. ಅತ್ತೆ ಸ್ವಲ್ಪ ಯೋಚಿಸಿ, “ಅದಕ್ಕೇನೀಗ? ನನಗೂ ಮದುವೆಗೆ ಮುಂಚೆ ಒಂದು ಮನೆ, ಆಮೇಲೆ ಒಂದು ಮನೆ. ನಾನು ನಾನೇ ತಾನೆ,” ಎಂದರು. ಮರುದಿನ ಅದನ್ನು ಪ್ರೊಫೆಸರಿಗೆ ಹೇಳಿದರೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕರು.

ಆ ಪುಸ್ತಕದಲ್ಲಿ ಒಂದು ದೊಡ್ಡ ಗಂಟಿತ್ತು. ‘ಅವನು ಹೊರುತ್ತಾನೆ’ ಎನ್ನಲು ಲ್ಯಾಟಿನ್‌ನಲ್ಲಿ ‘ಫೆರ್ಟ್’. ರಕಾರಕ್ಕೂ ಟಕಾರಕ್ಕೂ ನಡುವೆ ಸ್ವರವಿಲ್ಲ. ‘ಓದುತ್ತಾನೆ’ ಎನ್ನುವ ‘ಲೆಗಿಟ್’ನಲ್ಲಿ ಸ್ವರವಿದೆ, ಸಂಸ್ಕೃತದ ‘ಭರತಿ’ಯಲ್ಲೂ ಇದೆ. ಹಾಗಾದರೆ ತಾಯಿಭಾಷೆಯಲ್ಲಿ ಸ್ವರವಿದ್ದು ಲ್ಯಾಟಿನ್ ಅದನ್ನು ನುಂಗಿತೋ, ಇಲ್ಲ ಮೊದಲಿನಿಂದಲೇ ಇರಲಿಲ್ಲವೋ? ಇತ್ತು ಎಂಬುದು ನಮ್ಮ ಪ್ರೊಫೆಸರ ವಾದ. *ಫೆರೆತಿ ಎಂದೇ ಅವರು ಬರೆಯುತ್ತಿದ್ದರು. ಇಲ್ಲ ಎನ್ನುವವರು ಬೇರೆ ಊರುಗಳಲ್ಲಿ ಕೂತು ಅವರನ್ನು ಹಂಗಿಸುತ್ತಿದ್ದರು. ಕೊನೆಗೆ ಪ್ರೊಫೆಸರಿಗೆ ಒಂದು ಸಾಕ್ಷಿ ಸಿಕ್ಕಿತು. ಲ್ಯಾಟಿನ್‌ನ ತಂಗಿ ಭಾಷೆಯೊಂದರ ಕಲ್ಲುಬರಹದ ಅಚ್ಚು. ಅದರ ಐದನೇ ಸಾಲಿನಲ್ಲಿ ‘ಫೆರಿಟ್’. ರಕಾರ ಟಕಾರಗಳ ನಡುವೆ ಒಂದು ನೆಟ್ಟನೆಯ ಗೆರೆ. ಆ ಲಿಪಿಯಲ್ಲಿ ಒಂಟಿ ನೆಟ್ಟ ಗೆರೆ ಎಂದರೆ ‘ಇ’. ಅಲ್ಲಿಯವರೆಗೆ ಬರೀ ಊಹೆಯಾಗಿದ್ದ ‘ಫೆರಿಟ್’ ರೂಪದ ಮುಂದೆ ಇದ್ದ ನಕ್ಷತ್ರವನ್ನು ಅವರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ಆ ಪುಟವನ್ನು ನನ್ನ ಮೇಜಿನ ಮೇಲಿಟ್ಟರು.

ಕಲ್ಲು ಈಗಿಲ್ಲ. ಅದು ನಮ್ಮ ಮ್ಯೂಸಿಯಂಗೆ ಪ್ರದರ್ಶನಕ್ಕೆಂದು ಬಂದು, ವಾಪಸು ಹೋಗುವಾಗ ದಾರಿಯ ಗೋದಾಮೊಂದರಲ್ಲಿ ಬೆಂಕಿಗೆ ಸಿಕ್ಕಿತು. ಸುಣ್ಣದ ಕಲ್ಲು, ಸುಟ್ಟು ಪುಡಿಯಾಯಿತು. ಉಳಿದದ್ದು ಒಂದೇ ಅಚ್ಚು. ಅದನ್ನು ತೆಗೆದವರು ನನ್ನ ಅತ್ತೆ.

ಒಂದು ಶನಿವಾರ ಪ್ರೊಫೆಸರು ಪುಸ್ತಕದ ಮೊದಲ ಪುಟ ಟೈಪ್ ಮಾಡಲು ಕೊಟ್ಟರು. ಅದರಲ್ಲಿ ಅತ್ತೆಯ ಪೂರ್ತಿ ಹೆಸರು, ಅದರ ಕೆಳಗೆ, “ಈ ಕಲ್ಲಿನ ಮಾತನ್ನು ಬೆಂಕಿಗೆ ಮೊದಲೇ ಕಾಗದಕ್ಕೆ ಇಳಿಸಿ ಉಳಿಸಿದವರು.” ಮೂವತ್ತಾರು ವರ್ಷದಲ್ಲಿ ಅವರ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಪೆನ್ಸಿಲಿನಲ್ಲಿ, ಅಚ್ಚುಗಳ ಬೆನ್ನಿನ ಮೇಲೆ ಮಾತ್ರ. ನಾನು ಒಂದು ಪ್ರತಿ ತೆಗೆದುಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಓಡಿದೆ ಎಂದೇ ಹೇಳಬೇಕು.

ಅತ್ತೆ ಊಟದ ಮೇಜಿನ ಮುಂದೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಓದಿ ಹೇಳಿದೆ. ಮುಖ ಕೆಂಪಾಯಿತು. “ಇನ್ನೊಂದು ಸಲ ಓದು,” ಎಂದರು. ಓದಿದೆ. “ಇವನಿಗೆ ಫೋನ್ ಮಾಡಿ ಹೇಳು,” ಎಂದರು. ಇವನು ಎಂದರೆ ನನ್ನ ಗಂಡ, ಲಿಫ್ಟ್ ರಿಪೇರಿ ಮಾಡುವವರು. ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿದ್ದರು. ಅವರಿಗೂ ಓದಿದೆ. ಆಮೇಲೆ ಅತ್ತೆ, “ಅಂಥದ್ದೇನು ಇತ್ತು ಆ ಕಲ್ಲಲ್ಲಿ?” ಎಂದು ಕೇಳಿದರು. ನಾನು ಹುಮ್ಮಸ್ಸಿನಲ್ಲಿ ಸ್ವರದ ಜಗಳ, ನೆಟ್ಟ ಗೆರೆ, ಹೊಡೆದುಹಾಕಿದ ನಕ್ಷತ್ರ, ಎಲ್ಲವನ್ನೂ ಒದರಿದೆ.

ಅವರ ಕೈ ನಿಂತಿತು.

“ಐದನೇ ಸಾಲಾ?”

“ಹೂಂ.”

“ಸಾಲಿನ ಕೊನೇಲಿ?”

“ಕೊನೆಯಿಂದ ಎರಡನೇ ಅಕ್ಷರ. ಯಾಕೆ?”

ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವರು ಹೇಳಿದರು: “ಅದು ಅಕ್ಷರ ಅಲ್ಲ. ಅಲ್ಲಿ ಕಾಗದ ಸೀಳ್ತು. ನಾನು ಹಿಂದಿನಿಂದ ತೇಪೆ ಹಾಕ್ದೆ. ಸೀಳಿನಲ್ಲಿ ತೇಪೆ ಕಾಗದ ಉಬ್ಬಿ ಗೆರೆ ಹಾಗೆ ನಿಂತಿದೆ.”

“ಬೆನ್ನ ಮೇಲೆ ತೇಪೆ ಅಂತ ಬರೆದಿಲ್ಲವಲ್ಲ. ನಾನೇ ನೋಡಿದ್ದೀನಿ.”

“ಬರೀಲಿಲ್ಲ.”

ನನ್ನ ಅತ್ತೆಯ ಬಾಯಿಂದ ಬಂದ ಮಾತು ಅದು. ಆಗ ಅವರು ದಿನಗೂಲಿಯ ಮೇಲಿದ್ದರು. ಕೆಲಸ ಖಾಯಂ ಆಗಲು ಒಂಬತ್ತು ದಿನವಿತ್ತು. ನನ್ನ ಗಂಡ ಹೊಟ್ಟೆಯಲ್ಲಿದ್ದರು. ಅಂದಿನ ಮೇಲಧಿಕಾರಿ, ಹರಿದ ಅಚ್ಚು ತಂದರೆ ನಾಳೆಯಿಂದ ಬರಬೇಡ ಎಂದಿದ್ದನಂತೆ. ನಾಲ್ಕು ಗಂಟೆಗೆ ಕಲ್ಲನ್ನು ಪೆಟ್ಟಿಗೆಗೆ ಹಾಕುವವರು ಬಂದು ಬಾಗಿಲಲ್ಲಿ ನಿಂತಿದ್ದರು, ಕಾಗದವೂ ಮುಗಿದಿತ್ತು.

“ಖಾಯಂ ಆದ ಮೇಲೆ ಬರೆಯೋಣ ಅಂತಿದ್ದೆ. ಅಷ್ಟರಲ್ಲಿ ಕಲ್ಲು ಸುಟ್ಟುಹೋಯ್ತು. ಉಳಿದಿದ್ದು ಅದೊಂದೇ ಅಚ್ಚು ಅಂತ ಎಲ್ಲರೂ ನನ್ನನ್ನು ಹೊಗಳೋರೇ. ಆಮೇಲೆ ಕೈ ಬರಲಿಲ್ಲ.”

ಇಲ್ಲಿ ನಾನು ಏನು ಮಾಡಿದೆ ಎಂದು ಮುಚ್ಚಿಡುವುದಿಲ್ಲ. ಬಾಯಿ ಮುಚ್ಚಿಕೊಂಡಿರಿ ಎಂದೆ. ಅತ್ತೆಗೆ ಯಾರಾದರೂ ಹಾಗೆ ಹೇಳುತ್ತಾರೆಯೇ? ನಾನು ಹೇಳಿದೆ. ಕಲ್ಲು ಇಲ್ಲ, ಆ ಅಧಿಕಾರಿ ಸತ್ತು ಹದಿನೈದು ವರ್ಷ, ನಿಮ್ಮನ್ನು ಬಿಟ್ಟರೆ ಭೂಮಿಯ ಮೇಲೆ ಗೊತ್ತಿರುವವರು ಯಾರೂ ಇಲ್ಲ. ಆ ಸ್ವರ ಇತ್ತೋ ಇಲ್ಲವೋ, ಅದರಿಂದ ಯಾರ ಮನೆಯ ದೀಪವೂ ಆರುವುದಿಲ್ಲ. ಜೀವಮಾನಕ್ಕೆ ಒಂದು ಸಲ ನಿಮ್ಮ ಹೆಸರು ಪುಸ್ತಕದಲ್ಲಿ ಬರುತ್ತಿದೆ, ಅದನ್ನೂ ಕೈಯಾರೆ ಕಿತ್ತುಹಾಕಿಕೊಳ್ಳಬೇಡಿ. ಇಷ್ಟೆಲ್ಲ ಹೇಳಿ, ಕೊನೆಗೆ ಇನ್ನೂ ಕೆಟ್ಟದ್ದೊಂದು ಹೇಳಿದೆ: “ಒಂದು ತೇಪೆ ಮುಚ್ಚಿಟ್ಟಿದ್ರು ಅಂತ ಗೊತ್ತಾದ್ರೆ, ನೀವು ತೆಗೆದ ಉಳಿದ ಅಚ್ಚುಗಳನ್ನ ಯಾರು ನಂಬ್ತಾರೆ?”

ಅದು ಅವರಿಗೆ ನಾಟಿತು. ನಾನೂರ ಹನ್ನೆರಡು ಅಚ್ಚುಗಳಿವೆ ಅವರ ಕೈಯವು. ಎದ್ದು ಕೋಣೆಗೆ ಹೋದರು. ಭಾನುವಾರ, ಸೋಮವಾರ ನನ್ನೊಡನೆ ಒಂದು ಮಾತಿಲ್ಲ. ಗಂಡನ ಹತ್ತಿರ ಹೇಳಿಕೊಂಡೆ. ಅವರು ಕೈಯಲ್ಲಿದ್ದ ಗ್ರೀಸು ಒರೆಸುತ್ತಾ, “ಅಮ್ಮನ ಕೆಲಸ ಅಮ್ಮಂಗೆ ಗೊತ್ತು, ನೀನು ಮಧ್ಯ ಹೋಗಬೇಡ,” ಎಂದು ಸುಲಭವಾಗಿ ಜಾರಿಕೊಂಡರು.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ವಿಭಾಗದ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಬಟ್ಟೆಚೀಲ. ನನ್ನ ಕಡೆ ನೋಡಲಿಲ್ಲ. ಪ್ರೊಫೆಸರು ಎದ್ದು ಬಂದು, “ಬನ್ನಿ ಬನ್ನಿ ಬ್ರಷ್ಷಮ್ಮ, ನಿಮ್ಮ ಪುಟ ನೋಡಿದ್ರಾ?” ಎಂದು ಕುರ್ಚಿ ಎಳೆದರು. ಅತ್ತೆ ಕೂರಲಿಲ್ಲ. ನಿಂತುಕೊಂಡೇ, ನನಗೆ ಹೇಳಿದಷ್ಟನ್ನೂ ಹೇಳಿದರು. ಒಂಬತ್ತು ದಿನದ ಮಾತನ್ನಾಗಲೀ ಹೊಟ್ಟೆಯಲ್ಲಿದ್ದ ಮಗುವಿನ ಮಾತನ್ನಾಗಲೀ ಎತ್ತಲಿಲ್ಲ. ಕಾಗದ ಸೀಳಿತು, ತೇಪೆ ಹಾಕಿದೆ, ಬರೆಯಲಿಲ್ಲ. ಅಷ್ಟೆ.

ಪ್ರೊಫೆಸರ ಮುಖದಲ್ಲಿದ್ದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. “ಅಷ್ಟು ವರ್ಷದ ಹಿಂದಿನ ಮಾತು. ನಿಮಗೆ ತಪ್ಪು ನೆನಪಿರಬಹುದಲ್ಲ?” ಎಂದರು.

“ಅಚ್ಚು ತರಿಸಿ. ತೋರಿಸ್ತೀನಿ.”

ಅಚ್ಚು ಬಂತು. ಅತ್ತೆ ಚೀಲದಿಂದ ಬ್ರಷ್ಷು, ಸಣ್ಣ ಸ್ಪಂಜು, ಮೊಂಡು ಚಾಕು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬೆನ್ನ ಕಡೆಯಿಂದ ಒದ್ದೆ ಮಾಡಿದರೆ ತೇಪೆ ಬಿಟ್ಟುಕೊಳ್ಳುತ್ತದೆ, ಗೆರೆ ತೇಪೆಯದಾದರೆ ತೇಪೆಯೊಡನೆ ಬರುತ್ತದೆ, ಕಲ್ಲಿನದಾದರೆ ಕೆಳಗಿನ ಕಾಗದದಲ್ಲೇ ಉಳಿಯುತ್ತದೆ ಎಂದು ವಿವರಿಸಿದರು.

“ಇದು ಹಾಳಾದ್ರೆ ಕಲ್ಲೂ ಇಲ್ಲ, ಅಚ್ಚೂ ಇಲ್ಲ,” ಎಂದರು ಪ್ರೊಫೆಸರು.

“ಹಾಳಾಗಲ್ಲ.”

ಪ್ರೊಫೆಸರು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಬೇಡ ಎಂದುಬಿಟ್ಟರೆ ಮುಗಿಯಿತು. ಹನ್ನೊಂದು ವರ್ಷದ ವಾದ ಗೆದ್ದ ಹಾಗೇ ಇರುತ್ತಿತ್ತು. ಕೆಳಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿತು. ಅವರು ತಿರುಗಿ, “ಮಾಡಿ,” ಎಂದರು.

ಅರವತ್ತಮೂರು ವರ್ಷದ ಕೈ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಕೈ. ಸ್ಪಂಜಿನಿಂದ ನೀರನ್ನು ಹನಿಯಾಗಿಯೂ ಬಿಡದೆ, ಬರೀ ತೇವ ಮಾತ್ರ ಒತ್ತಿದರು. ಕಾದರು. ಮತ್ತೆ ಒತ್ತಿದರು. ಹತ್ತು ನಿಮಿಷದ ಮೇಲೆ ಚಾಕುವಿನ ತುದಿಯಿಂದ ಏನನ್ನೋ ಹುಡುಕಿ, ಉಸಿರು ಹಿಡಿದು ಎತ್ತಿದರು. ಅಂಚೆಚೀಟಿಯಷ್ಟು ಅಗಲದ ತುಂಡೊಂದು ಎದ್ದು ಬಂತು. ಅದರ ನಡುವೆ ಒಂದು ಸಣ್ಣ ಏಣು, ನೆಟ್ಟಗೆ. ಕೆಳಗಿನ ಕಾಗದದಲ್ಲಿ ಬರೀ ಸೀಳು. ಅದರ ಎರಡೂ ಅಂಚು ಚಪ್ಪಟೆ. ಕೊರೆದ ಅಕ್ಷರದ ಗುರುತೇ ಇಲ್ಲ. ಉಳಿದ ಕಾಗದಕ್ಕೆ ಒಂದು ಕೂದಲೆಳೆಯಷ್ಟೂ ಪೆಟ್ಟಾಗಿರಲಿಲ್ಲ.

ಪ್ರೊಫೆಸರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು. “ಇನ್ನೆಷ್ಟು ಅಚ್ಚುಗಳಲ್ಲಿ ಹೀಗಿದೆ?”

“ಇದೊಂದೇ.”

“ಹೇಗೆ ನಂಬಲಿ?”

“ನಂಬಬೇಡಿ. ತರಿಸಿ ನೋಡಿ.”

ಪ್ರೊಫೆಸರೇ ಕಪಾಟಿನ ಕೋಣೆಗೆ ಹೋಗಿ ಕೈಗೆ ಸಿಕ್ಕ ಐದು ಅಚ್ಚು ತಂದರು. ಪೆನ್ಸಿಲ್ ಬರಹದ ಮೇಲೆ ಕಾಗದ ಮುಚ್ಚಿ ಒಂದೊಂದಾಗಿ ಮುಂದಿಟ್ಟರು. ಅತ್ತೆ ಕಣ್ಣು ಮುಚ್ಚಿ ಬೆನ್ನ ಮೇಲೆ ಬೆರಳಾಡಿಸಿದರು. “ಇದರಲ್ಲಿ ಎರಡು. ಮೇಲೆ ಎಡಗಡೆ ಒಂದು, ಕೆಳಗಿನ ಅಂಚಿಗೆ ಒಂದು.” ಕಾಗದ ಸರಿಸಿದರೆ ಅವರದೇ ಅಕ್ಷರದಲ್ಲಿ ಅದೇ ಇತ್ತು. “ಇದರಲ್ಲಿ ಇಲ್ಲ.” ಇರಲಿಲ್ಲ. “ಇದರಲ್ಲಿ ಒಂದು, ಮಧ್ಯದಲ್ಲಿ, ದೊಡ್ಡದು. ಆ ಕಲ್ಲು ಬಲು ಒರಟು.” ಸರಿಯಾಗಿತ್ತು. ಐದಕ್ಕೆ ಐದೂ ಸರಿಯಾದವು. ಇಂಥ ಕೈಯನ್ನು ಹಿಡಿದು ಸುಮ್ಮನಿರಿಸಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

“ಸಾಕಮ್ಮ,” ಎಂದರು ಪ್ರೊಫೆಸರು. ಮೊದಲ ಸಲ ಬ್ರಷ್ಷಮ್ಮ ಎನ್ನದೆ ಅಮ್ಮ ಎಂದರು. ನನ್ನ ಕಡೆ ತಿರುಗಿ, “ನಕ್ಷತ್ರ ವಾಪಸು ಹಾಕಿ. ಅಡಿಟಿಪ್ಪಣಿ ಬರ್ಕೊಳ್ಳಿ,” ಎಂದು ಹೇಳತೊಡಗಿದರು: “ಈ ರೂಪಕ್ಕೆ ಆಧಾರ ಸಿಕ್ಕಿಲ್ಲ. ಐದನೇ ಸಾಲಿನಲ್ಲಿ ಕಾಣುವ ಗೆರೆ ಅಕ್ಷರವಲ್ಲ, ಅಚ್ಚಿನಲ್ಲಿ ಬಿದ್ದ ಸೀಳು.” ಅಲ್ಲಿಗೆ ನಿಲ್ಲಿಸಿ ಅತ್ತೆಯತ್ತ ನೋಡಿದರು. “ಇಷ್ಟೇ ಸಾಕು. ಯಾರು ಏನು ಅಂತ ಇಲ್ಲಿ ಬೇಡ. ಮೊದಲ ಪುಟದಲ್ಲಿ ನಿಮ್ಮ ಹೆಸರು ಇದ್ದ ಹಾಗೇ ಇರುತ್ತೆ. ಕಲ್ಲನ್ನ ಉಳಿಸಿದ್ದು ನೀವೇ ತಾನೆ.”

ನನಗೆ ಹೋದ ಜೀವ ಬಂದಂತಾಯಿತು. ಮರ್ಯಾದೆ ಉಳಿಯಿತು, ಹೆಸರೂ ಉಳಿಯಿತು. ಕೈ ಮುಗಿದು ಹೊರಡಿ ಅತ್ತೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅತ್ತೆ ಬ್ರಷ್ಷು ಸ್ಪಂಜುಗಳನ್ನು ಚೀಲಕ್ಕೆ ಹಾಕುತ್ತಾ ತಲೆ ಅಲ್ಲಾಡಿಸಿದರು. “ಹೊಗಳೋ ಕಡೆ ನನ್ನ ಹೆಸರು, ತಪ್ಪಿನ ಕಡೆ ಯಾರ ಹೆಸರೂ ಇಲ್ಲ ಅಂದ್ರೆ ಹೇಗೆ ಸರ್? ಹಾಕಿದ್ರೆ ಎರಡೂ ಕಡೆ ಹಾಕಿ. ಇಲ್ಲಾಂದ್ರೆ ಎರಡೂ ಕಡೆ ಬಿಡಿ.”

“ಪುಸ್ತಕ ಇದು. ನೂರು ವರ್ಷ ಇರುತ್ತೆ,” ಎಂದರು ಪ್ರೊಫೆಸರು.

“ಇರಲಿ,” ಎಂದರು ಅತ್ತೆ. ಆಗ, ಆ ಮೂರು ದಿನದಲ್ಲಿ ಮೊದಲ ಸಲ, ನನ್ನ ಮುಖ ನೋಡಿದರು. “ಬರ್ಕೋ. ಸೀಳಿಗೆ ತೇಪೆ ಹಾಕಿ, ಬರೆಯದೇ ಬಿಟ್ಟವಳು,” ಎಂದು ತಮ್ಮ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ, ನನಗೆ ಗೊತ್ತೇ ಇಲ್ಲವೇನೋ ಎನ್ನುವಂತೆ, ನಿಧಾನವಾಗಿ ಹೇಳಿದರು.

ನನ್ನ ಕೈಯಲ್ಲಿ ಎಷ್ಟೋ ಪಂಡಿತರ ಹೆಸರು ಟೈಪ್ ಆಗಿವೆ. ಆ ಸಾಲನ್ನು ಟೈಪ್ ಮಾಡಲು ಕನ್ನಡಕ ಎರಡು ಸಲ ಒರೆಸಿಕೊಳ್ಳಬೇಕಾಯಿತು. ಪುಸ್ತಕ ಬಂದು ಆರು ವರ್ಷವಾಯಿತು. ಬೇರೆ ಊರಿನ ವಿದ್ವಾಂಸರು ಬಂದಾಗ ಆ ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, ಅಚ್ಚು ತೆಗೆದ ಈ ಹೆಂಗಸು ಯಾರು ಎಂದು ಕೇಳುವುದುಂಟು. ನಾನು ಕುರ್ಚಿಯಿಂದ ಎದ್ದು ನಿಂತು ಹೇಳುತ್ತೇನೆ, ನಮ್ಮತ್ತೆ ಎಂದು.